ಕ್ಯಾಪ್ಟನಮ್ಮನನ್ನು ಜಾವಗಲ್ಲಿಗೆ ಕರೆತಂದ ಅತ್ತೆ

ಕಥೆ ಹೇಳಲು ಕೂತಾಗ ಅತ್ತೆಯ ಎಡಗಣ್ಣು ತಾನಾಗಿಯೇ ಅರ್ಧ ಮುಚ್ಚಿಕೊಳ್ಳುತ್ತಿತ್ತು. ಎತ್ತರದ ಮರದಲ್ಲಿ ಎಷ್ಟು ಗೊನೆ ಬಿಟ್ಟಿದೆಯೆಂದು ನೋಡುವವರ ಹಾಗೆ ಗದ್ದ ಮೇಲೆತ್ತಿ, ಬಲಗಣ್ಣಿನಿಂದ ನಮ್ಮ ಕೊಬ್ಬರಿ ಶೆಡ್ಡಿನ ತಗಡಿನ ಸೂರನ್ನು ದಿಟ್ಟಿಸುತ್ತಿದ್ದರು. ಅಲ್ಲಿ ಜೇಡರ ಬಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಕೆಳಗೆ ಕೂತು ಚಿಪ್ಪು ಒಡೆಯುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ತಲೆಯೆತ್ತಿ ಅತ್ತ ನೋಡಿಯೇ ನೋಡುತ್ತಿದ್ದರು. ಹಡಗು ಬರಬೇಕಾದದ್ದು ಅಲ್ಲಿಂದಲೇ.

ನೀರಿನ ಹಡಗಲ್ಲ, ಆಕಾಶದ್ದು. ಅದು ಇಂಗ್ಲಿಷಿನಲ್ಲಿ ಬಂದ ಒಂದು ಸಿನಿಮಾ ಸರಣಿ. ಅದರ ನಿಜವಾದ ಹೆಸರು ನಮ್ಮ ಶೆಡ್ಡಿನಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಎಲ್ಲರಿಗೂ ‘ಹಡಗಿನ ಸಿನಿಮಾ’ ಅಷ್ಟೆ. ಒಂದು ಹಳೆಯ ಹಡಗು ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಿ, ಅಲ್ಲಲ್ಲಿ ಸಿಕ್ಕಿಬಿದ್ದ ಜನರನ್ನು ಹತ್ತಿಸಿಕೊಂಡು ಬರುತ್ತದೆ. ಅದನ್ನು ನಡೆಸುವವಳು ಒಬ್ಬ ಹೆಂಗಸು. ನಮ್ಮವರು ಅವಳಿಗೆ ಕ್ಯಾಪ್ಟನಮ್ಮ ಎಂದು ಹೆಸರಿಟ್ಟರು. ಇಂಜಿನ್ ನೋಡಿಕೊಳ್ಳುವ ಮುದುಕ ಇಂಜಿನ್ ತಾತನಾದ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮದುವೆಯಾಗಲಿಲ್ಲ. ಅರಸೀಕೆರೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಜಾವಗಲ್ಲಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಆ ಕಾಲಕ್ಕೆ ಅರಸೀಕೆರೆಯ ಟಾಕೀಸಿಗೆ ಇಂಗ್ಲಿಷ್ ಚಿತ್ರಗಳು ಎಲ್ಲ ಊರು ಸುತ್ತಿ, ಗೀರು ಬಿದ್ದು, ಕೊನೆಗೆ ಬರುತ್ತಿದ್ದವು. ಬಂದರೂ ನಿಲ್ಲುತ್ತಿದ್ದದ್ದು ಎರಡು ಮೂರು ದಿನ. ಅಷ್ಟರೊಳಗೆ ಅತ್ತೆ ಒಂದೇ ಚಿತ್ರವನ್ನು ಎರಡು ಸಲ ನೋಡುತ್ತಿದ್ದರು. ಯಾಕೆಂದು ಕೇಳಿದರೆ, ಮೊದಲ ಸಲ ಕಣ್ಣಿಗೆ, ಎರಡನೇ ಸಲ ಕಿವಿಗೆ ಎನ್ನುತ್ತಿದ್ದರು. ಭಾನುವಾರ ಅದೇ ಚಿತ್ರ ಕನ್ನಡದಲ್ಲಿ ನಮ್ಮ ಶೆಡ್ಡಿಗೆ ಬರುತ್ತಿತ್ತು.

ಶೆಡ್ಡಿನ ಕೆಲಸ ಕಥೆ ಕೇಳುವುದಕ್ಕೆ ಹೇಳಿ ಮಾಡಿಸಿದ್ದು, ಹಾಗೆಯೇ ಕಥೆಯಿಂದ ಕೆಡುವಂಥದ್ದೂ ಹೌದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಸಿಪ್ಪೆ ಸುಲಿದು, ಚಿಪ್ಪನ್ನು ಸುತ್ತಲೂ ಮೆಲ್ಲಗೆ ತಟ್ಟಿ ಒಡೆದು, ಒಳಗಿನ ಕೊಬ್ಬರಿಯನ್ನು ಉಂಡೆಯಾಗಿಯೇ ತೆಗೆಯಬೇಕು. ಏಟು ಒಂದು ತೂಕ ಜಾಸ್ತಿಯಾದರೆ ಉಂಡೆ ಬಿರುಕು ಬಿಡುತ್ತದೆ. ಹಡಗಿಗೆ ಬೆಂಕಿ ಬಿದ್ದ ಭಾನುವಾರ ಬಿರುಕು ಬಿಟ್ಟ ಉಂಡೆಗಳ ಗುಡ್ಡೆ ನೋಡಿ ನಮ್ಮ ತಾತ ತಲೆಯ ಮೇಲೆ ಕೈ ಹೊತ್ತು ಕೂತಿದ್ದರಂತೆ. “ನಿನ್ನ ಕ್ಯಾಪ್ಟನಮ್ಮ ಸಾಯೋ ದಿವಸ ಮುಂಚೇನೇ ಹೇಳ್ಬುಡವ್ವ, ಅವತ್ತು ಕೆಲಸಕ್ಕೆ ರಜ ಕೊಡ್ತೀನಿ” ಎಂದು ಮಗಳಿಗೆ ಹೇಳಿದರಂತೆ.

ಕ್ಯಾಪ್ಟನಮ್ಮ ಸಾಯಲಿಲ್ಲ. ಪ್ರತಿ ಚಿತ್ರದ ಕೊನೆಯಲ್ಲೂ ಎಲ್ಲರನ್ನೂ ಹತ್ತಿಸಿಕೊಂಡೇ ಹೊರಟಳು. ಹೊರಡುವ ಮುಂಚೆ ಹಡಗಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿ, ಎಲ್ಲರೂ ಬಂದ್ರಾ ಎಂದು ಕೇಳುತ್ತಿದ್ದಳು. ಅತ್ತೆ ಇದನ್ನು ಹೇಳುವಾಗ ಹೆಂಗಸರು ತಾವೇ ಹಡಗಿನಲ್ಲಿ ಕೂತವರಂತೆ “ಬಂದ್ವಿ” ಎಂದು ಒಟ್ಟಿಗೆ ಕೂಗುತ್ತಿದ್ದರು. ನಾನು ಚಿಕ್ಕಂದಿನಿಂದ ಆ ಕೂಗು ಕೇಳಿ ಬೆಳೆದವನು.

ನನಗೆ ದಿನಚರಿ ಬರೆಯುವ ಚಟ ಹತ್ತಿದ್ದು ಹೈಸ್ಕೂಲಿನಲ್ಲಿ. ಯಾವ ಭಾನುವಾರ ಯಾವ ಭಾಗ ಹೇಳಿದರು, ಎಲ್ಲಿ ನಿಲ್ಲಿಸಿದರು, ಯಾರು ಅತ್ತರು ಎಂದೆಲ್ಲ ಬರೆದಿಡುತ್ತಿದ್ದೆ. ಅತ್ತೆ ಅದನ್ನು ಓದಿ ನಗುತ್ತಿದ್ದರು. ಎಲ್ಲ ಇದೆ ಕಣೋ, ಕಥೆ ಒಂದು ಬಿಟ್ಟು, ಎನ್ನುತ್ತಿದ್ದರು.

ಆಮೇಲೆ ಸರಣಿ ನಿಂತುಹೋಯಿತು. ಅತ್ತೆ ನಿವೃತ್ತರಾದರು. ಹಳೆಯ ಐದು ಚಿತ್ರಗಳನ್ನೇ ಮತ್ತೆ ಮತ್ತೆ ಹೇಳಿಸಿಕೊಂಡು ಶೆಡ್ಡು ವರ್ಷಗಳನ್ನು ಕಳೆಯಿತು. ಹೀಗಿರುವಾಗ ಆರನೆಯದು ಬರುತ್ತದೆ ಎಂಬ ಸುದ್ದಿ ಬಂತು. ಅದೂ ಮೊದಲ ಸಲ ಕನ್ನಡ ಮಾತುಗಳೊಂದಿಗೆ. ನಾನೇ ಫೋನಿನಲ್ಲಿ ನೋಡಿ ಶೆಡ್ಡಿನಲ್ಲಿ ಹೇಳಿದೆ. ಹೆಂಗಸರು ನಂಬಲಿಲ್ಲ. ಕ್ಯಾಪ್ಟನಮ್ಮನಿಗೆ ಕನ್ನಡ ಯಾರು ಕಲಿಸಿದರು, ನಮ್ಮಕ್ಕನೇ ಇರಬೇಕು ಎಂದು ಒಬ್ಬಳು ಅತ್ತೆಯ ಕಡೆ ನೋಡಿ ಅಂದಳು. ಅತ್ತೆಯ ಮುಖದಲ್ಲಿ ಅಂದು ಕಂಡ ಹಿಗ್ಗನ್ನು ನಾನು ಅವರ ಬಡ್ತಿಯ ದಿನವೂ ಕಂಡಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ದಿನಾ ಹೆಂಗಸರನ್ನು ಅವರ ಊರಿನಿಂದ ಕೆಲಸಕ್ಕೆ ತರುವ ಅದೇ ಟೆಂಪೊದಲ್ಲಿ ಎಲ್ಲರೂ ಅರಸೀಕೆರೆಗೆ ಹೊರಟೆವು. ಮದುವೆಗೆ ಉಡುವ ಸೀರೆ, ಮುಡಿ ತುಂಬ ಹೂವು, ಡಬ್ಬಿಯಲ್ಲಿ ಚಕ್ಕುಲಿ. ಮಂಡಿನೋವಿನ ಹಗರೆ ಅಜ್ಜಿ ಮಾತ್ರ ಬರಲಿಲ್ಲ. ಹಗರೆಯಿಂದ ಮದುವೆಯಾಗಿ ಬಂದವರಾದ್ದರಿಂದ ಆ ಹೆಸರು; ಶೆಡ್ಡಿಗೆ ಅವರೇ ಹಿರಿಯರು. ನೋಡಿಕೊಂಡು ಬಂದು ತಮಗೆ ಪೂರ್ತಿ ಹೇಳಬೇಕೆಂದು ಅತ್ತೆಯ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು.

ಪರದೆಯ ಮೇಲೆ ತಲೆ ನರೆತ ಕ್ಯಾಪ್ಟನಮ್ಮ ಬಂದಾಗ ನಮ್ಮ ಸಾಲು ಟಾಕೀಸು ಅದುರುವಂತೆ ಚಪ್ಪಾಳೆ ತಟ್ಟಿತು. ಆಮೇಲೆ ತಟ್ಟುವಂಥದ್ದೇನೂ ಸಿಗಲಿಲ್ಲ. ಹೊಸ ಹುಡುಗ ಹುಡುಗಿಯರು ಬಂದರು, ಹಡಗಿನ ತುಂಬ ಓಡಾಡಿದರು, ಅವಳ ವಯಸ್ಸನ್ನು ಆಡಿಕೊಂಡು ನಕ್ಕರು. ಅವಳೂ ಅವರ ಜೊತೆ ಹಲ್ಲು ಕಿರಿದಳು. ಸದ್ದು ಮಾತ್ರ ಎದೆ ಒಡೆಯುವಷ್ಟಿತ್ತು. ಕೊನೆಗೆ ಹಡಗು ಹೊರಡುವ ಹೊತ್ತು ಬಂತು. ನಮ್ಮ ಸಾಲಿನ ಹೆಂಗಸರು ಮುಂದಕ್ಕೆ ಬಾಗಿ ಕೂತರು. ‘ಬಂದ್ವಿ’ ಅನ್ನಲು ತಯಾರಾಗಿದ್ದರೆಂದು ಈಗ ಅನಿಸುತ್ತದೆ. ಕ್ಯಾಪ್ಟನಮ್ಮ ಹಿಂದಕ್ಕೆ ತಿರುಗಿಯೂ ನೋಡದೆ ಗುಂಡಿ ಒತ್ತಿದಳು. ಬಾಗಿಲು ಮುಚ್ಚಿತು. ಇಂಜಿನ್ ತಾತ ಹೊರಗೇ ಉಳಿದ.

“ಅಯ್ಯೋ, ತಾತ ಆಚೆಗವ್ನೆ ಕಣೇ” ಎಂದು ನಮ್ಮವಳೊಬ್ಬಳು ಜೋರಾಗಿಯೇ ಹೇಳಿದಳು. ಹಿಂದಿನ ಸಾಲಿನ ಹುಡುಗರು ನಕ್ಕರು. ಹಡಗು ಹೋಯಿತು. ತಾತನ ಮಾತು ಮತ್ತೆ ಬರಲೇ ಇಲ್ಲ. ಅತ್ತೆ ದೀಪ ಹತ್ತಿದ ಮೇಲೂ ಸ್ವಲ್ಪ ಹೊತ್ತು ಎದ್ದೇಳಲಿಲ್ಲ.

ಹಿಂದಿರುಗುವಾಗ ಟೆಂಪೊದಲ್ಲಿ ಒಬ್ಬಳು, ಅವಳು ನಮ್ಮ ಕ್ಯಾಪ್ಟನಮ್ಮ ಅಲ್ಲವೇ ಅಲ್ಲ, ಯಾರನ್ನೋ ತಂದು ನಿಲ್ಲಿಸಿದ್ದಾರೆ ಎಂದಳು. ನಮ್ಮವಳಾಗಿದ್ದರೆ ತಲೆ ಎಣಿಸದೆ ಬಾಗಿಲು ಹಾಕುತ್ತಿದ್ದಳೇ ಎಂದಳು ಇನ್ನೊಬ್ಬಳು. ಆಗ ಆ ಗುಂಪಿಗೆ ಹೊಸದಾಗಿ ಸೇರಿದ್ದ, ಅವರಲ್ಲೇ ಒಬ್ಬಳ ಸೊಸೆ, ಬಿ.ಕಾಂ. ಓದಿದವಳು, ಕೆಟ್ಟ ಉದ್ದೇಶವಿಲ್ಲದೆಯೇ ಹೇಳಿದಳು:

“ಹಳೇವನ್ನೂ ನಾನು ಫೋನಲ್ಲಿ ನೋಡಿದೀನಿ ಅಕ್ಕ. ಅದ್ರಲ್ಲೂ ಎಲ್ಲೂ ತಲೆ ಎಣಿಸಲ್ಲ.”

ಟೆಂಪೊದಲ್ಲಿದ್ದ ಕಣ್ಣುಗಳೆಲ್ಲ ಅತ್ತೆಯ ಕಡೆ ತಿರುಗಿದವು. ಹಾಗಾದರೆ ಇನ್ನೇನೇನು ಇರಲಿಲ್ಲವೋ, ಹಡಗಾದರೂ ಇತ್ತೋ ಇಲ್ಲವೋ ಎಂದು ಯಾರೋ ನಗೆಯಾಡಿದರು. ಆ ನಗೆಯಲ್ಲಿ ಒಂದು ಮುಳ್ಳಿತ್ತು. ಅಷ್ಟು ವರ್ಷ ಆ ಹೆಂಗಸರು ಅತ್ತೆಯ ಮಾತನ್ನೇ ಕಣ್ಣಾಗಿ ಮಾಡಿಕೊಂಡವರು. ಈಗ ಸ್ವಂತ ಕಣ್ಣಿನಿಂದ ನೋಡಿ ಬಂದಿದ್ದರು. ಅತ್ತೆ ಇಷ್ಟೇ ಹೇಳಿದರು: “ನಾಳೆ ಶೆಡ್ಡಲ್ಲಿ ಮಾತಾಡೋಣ ಕಣ್ರೇ.”

ಮನೆಗೆ ಬಂದ ಮೇಲೆ ನಾನು ಒಂದು ಉಪಾಯ ಹೇಳಿದೆ. ಅಜ್ಜಿ ಚಿತ್ರ ನೋಡಿಲ್ಲ. ಕೊನೆಯನ್ನು ಸ್ವಲ್ಪ ತಿದ್ದಿ, ತಾತನನ್ನು ಹತ್ತಿಸಿಕೊಂಡಳು ಎಂದುಬಿಟ್ಟರೆ ಅಜ್ಜಿಗೂ ಖುಷಿ, ಉಳಿದವರಿಗೂ ಅದೇ ಬೇಕಾಗಿದೆ, ಹಳೆಯ ಅತ್ತೆ ಮರಳಿ ಸಿಕ್ಕಂತಾಗುತ್ತದೆ. ಅತ್ತೆ ಮಜ್ಜಿಗೆ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

“ಚೆನ್ನಾಗಿರೋದಕ್ಕೆ ಒಂದು ಹೂ ಮುಡಿಸಬಹುದು ಕಣೋ. ಕೆಟ್ಟು ಹೋಗಿರೋದಕ್ಕೆ ಮುಡಿಸಿದ್ರೆ ಅದು ಮೋಸ.”

ಮರುದಿನ ಶೆಡ್ಡಿಗೆ ಎಲ್ಲರೂ ಬೇಗ ಬಂದಿದ್ದರು. ಹಗರೆ ಅಜ್ಜಿ ಕಾಲು ಚಾಚಿ ಗೋಣಿಚೀಲದ ಮೇಲೆ ಕೂತು, ಏನಾಯಿತು ಹೇಳು ಎಂದರು. ಅತ್ತೆ ಕಥೆ ಶುರು ಮಾಡಲಿಲ್ಲ. ಮೊದಲು ತಲೆ ಎಣಿಸುವ ಮಾತೆತ್ತಿದರು.

“ನಿನ್ನೆ ಆ ಹುಡುಗಿ ಹೇಳಿದ್ದು ನಿಜ. ಅದು ಸಿನಿಮಾದಲ್ಲಿ ಯಾವತ್ತೂ ಇರ್ಲಿಲ್ಲ. ಸಾಯಂಕಾಲ ಟೆಂಪೊ ಹೊರಡೋ ಮುಂಚೆ ನೀವು ಒಬ್ಬರ ತಲೆ ಒಬ್ಬರು ಮುಟ್ಟಿ ಎಣಿಸ್ತೀರಲ್ಲ, ಅದನ್ನ ನೋಡಿ ನಾನು ಅವಳಿಗೆ ಕೊಟ್ಟೆ. ಅಷ್ಟು ಜನರನ್ನ ಕಾಯೋಳಿಗೆ ಅದು ಗೊತ್ತಿರ್ಬೇಕು ಅನ್ನಿಸ್ತು.”

ಆ ಪದ್ಧತಿ ನನಗೂ ಗೊತ್ತಿತ್ತು. ಎಂದೋ ಒಮ್ಮೆ ಒಬ್ಬಳನ್ನು ಬಿಟ್ಟು ಟೆಂಪೊ ಹೊರಟು, ಅವಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಊರವರೆಗೆ ನಡೆದ ಮೇಲೆ ಅವರೇ ಮಾಡಿಕೊಂಡ ನಿಯಮ ಅದು. ದಿನಾ ಕಣ್ಣೆದುರು ನಡೆಯುತ್ತಿದ್ದರೂ ಕ್ಯಾಪ್ಟನಮ್ಮ ಅದನ್ನು ಇವರಿಂದ ಕಲಿತಳೆಂದು ನನಗಾಗಲಿ ಅವರಿಗಾಗಲಿ ಹೊಳೆದಿರಲಿಲ್ಲ.

ಅತ್ತೆ ಆರನೆಯ ಚಿತ್ರವನ್ನು ಹೇಳತೊಡಗಿದರು. ಇದ್ದದ್ದು ಇದ್ದ ಹಾಗೆ. ಎಲ್ಲಿ ಬೇಸರ ಬಂತೋ ಅಲ್ಲಿ ಬೇಸರ ಬಂತೆಂದೇ ಹೇಳಿದರು. ಹುಡುಗರು ಆಡಿಕೊಂಡದ್ದನ್ನೂ ಕ್ಯಾಪ್ಟನಮ್ಮ ಹಲ್ಲು ಕಿರಿದದ್ದನ್ನೂ ಬಿಡಲಿಲ್ಲ. ಬಾಗಿಲಿನ ಹತ್ತಿರ ಬಂದಾಗ ಇಬ್ಬರು ಮೂವರು ಕೈ ನಿಲ್ಲಿಸಿ, ಒಂಚೂರು ಬದಲಾಯಿಸಿ ಹೇಳಕ್ಕ ಎಂದು ಗೋಗರೆದರು. ನಿನ್ನೆ ಮುಳ್ಳಿನ ನಗೆ ನಕ್ಕವಳೂ ಅವರಲ್ಲಿದ್ದಳು. ಅತ್ತೆ ಬದಲಾಯಿಸಲಿಲ್ಲ. ಕ್ಯಾಪ್ಟನಮ್ಮ ತಿರುಗಿ ನೋಡಲಿಲ್ಲ, ಎಣಿಸಲಿಲ್ಲ, ಬಾಗಿಲು ಹಾಕಿದಳು, ತಾತ ಹೊರಗುಳಿದ ಎಂದು ಹೇಳಿ ಮುಗಿಸಿದರು.

ಆ ಹೊತ್ತಿಗೆ ನನಗಾದ ಹೆಮ್ಮೆಯನ್ನು ಹೇಗೆ ಬರೆಯಬೇಕೋ ತಿಳಿಯದು. ಪ್ರೀತಿಸಿದ್ದು ಕೆಟ್ಟುಹೋದಾಗ ಜನ ಅದನ್ನು ಬೈಯುತ್ತಾರೆ, ಇಲ್ಲವೇ ಕೆಟ್ಟೇ ಇಲ್ಲವೆಂದು ವಾದ ಮಾಡುತ್ತಾರೆ. ಅತ್ತೆ ಎರಡನ್ನೂ ಮಾಡಲಿಲ್ಲ. ತಮ್ಮ ಮಾತಿನ ಮೇಲಿದ್ದ ನಂಬಿಕೆ ಹೋಗುವುದಾದರೆ ಹೋಗಲೆಂದು ಆ ಗೋಣಿಚೀಲಗಳ ನಡುವೆ ನೆಟ್ಟಗೆ ಕೂತಿದ್ದರು.

ಹಗರೆ ಅಜ್ಜಿ ಕೇಳಿದರು. “ಆಚೆಗೆ ಉಳಿದ್ನಲ್ಲ ಮಗಾ, ಅವನೇನಾದ?”

ಸಿನಿಮಾದವರು ಹೇಳಿಲ್ಲ ಎಂದರು ಅತ್ತೆ.

“ಅವರು ಹೇಳ್ದಿದ್ರೆ ಅವರ ಕರ್ಮ. ನೀನು ಹೇಳು. ನಿಂದೇ ಅಂತ ಹೇಳ್ಬುಟ್ಟು ಹೇಳು, ಆಗ ಯಾರಿಗೂ ಮೋಸ ಇಲ್ಲ. ಅವನು ಒಬ್ಬನೇ ಕೂತವ್ನೆ ಅಲ್ಲಿ.”

ಅತ್ತೆ ಒಮ್ಮೆ ನನ್ನ ಕಡೆ, ಒಮ್ಮೆ ಸೂರಿನ ಕಡೆ ನೋಡಿದರು. ಆಮೇಲೆ, ಇದು ನಂದು, ಸಿನಿಮಾದ್ದಲ್ಲ ಎಂದು ಹೇಳಿ ಶುರು ಮಾಡಿದರು. ತಾತ ಹಡಗು ಹೋದ ದಿಕ್ಕಿಗೆ ಬೆನ್ನು ಹಾಕಿ ನಡೆಯುತ್ತಾನೆ. ನಡೆಯುತ್ತಾ ಹೋದರೆ ಇನ್ನೊಂದು ಹೆಜ್ಜೆಗುರುತು ಕಾಣುತ್ತದೆ. ಅವನಿಗಿಂತ ಮುಂಚೆ, ಬೇರೆ ಯಾವುದೋ ಹಡಗು ಬಿಟ್ಟುಹೋದವರ ಗುರುತು. ಅಷ್ಟು ಹೇಳಿ ಅತ್ತೆ ನೀರು ಕುಡಿಯಲು ನಿಲ್ಲಿಸಿದರು. “ಆಮೇಲೆ?” ಎಂದು ಮೊದಲು ಕೇಳಿದವಳು ಆ ಬಿ.ಕಾಂ. ಹುಡುಗಿ.

ಆ ಕಥೆ ಆ ಹಂಗಾಮು ಪೂರ್ತಿ ನಡೆಯಿತು. ಬಿಟ್ಟುಹೋದವರೆಲ್ಲ ಒಂದು ಕಡೆ ಸೇರಿ, ಮುರಿದ ಹಡಗುಗಳ ತುಂಡು ಕೂಡಿಸಿ ತಮ್ಮದೇ ಒಂದು ಹಡಗು ಕಟ್ಟಿದರು. ಅಲ್ಲಿ ಕುಡಿಯುವ ನೀರಿಗೆ ಏನು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಹಗರೆ ಅಜ್ಜಿಯೇ ಎತ್ತಿ ಅಜ್ಜಿಯೇ ಬಗೆಹರಿಸಿದರು. ಆ ಹಡಗಿಗೆ ಯಾರು ಕ್ಯಾಪ್ಟನ್ ಆಗಬೇಕೆಂದು ಶೆಡ್ಡಿನಲ್ಲಿ ನಿಜವಾದ ಜಗಳವೇ ಆಯಿತು. ಬಿರುಕು ಬಿಟ್ಟ ಉಂಡೆಗಳು ಈಗ ಶೆಡ್ಡು ನಡೆಸುತ್ತಿದ್ದ ಅಪ್ಪನ ತಾಳ್ಮೆಯನ್ನು ಪರೀಕ್ಷಿಸಿದವು. ಅಪ್ಪ ಗೊಣಗುತ್ತಲೇ ಬಾಗಿಲ ಹತ್ತಿರ ನಿಂತು ಕೇಳಿ ಹೋಗುತ್ತಿದ್ದರು.

ಅತ್ತೆ ಹೋದದ್ದು ಮರುವರ್ಷ, ಒಂದು ಬೆಳಿಗ್ಗೆ, ಯಾರಿಗೂ ಕಷ್ಟ ಕೊಡದೆ. ಏಳನೆಯ ಚಿತ್ರ ಬರುತ್ತದಂತೆ ಎಂದು ಅದಕ್ಕೆ ಸ್ವಲ್ಪ ಮುಂಚೆ ನಾನು ಅವರಿಗೆ ಹೇಳಿದ್ದೆ. ಇನ್ನು ಅದರ ಸಹವಾಸ ಬೇಡ ಎನ್ನುತ್ತಾರೆಂದುಕೊಂಡಿದ್ದೆ. ಹೋಗೋಣ ಎಂದರು. ಚೆನ್ನಾಗಿ ಮಾಡಿದ್ದರೆ ಚೆನ್ನಾಗಿದೆ ಎಂದು ಹೇಳುವುದಕ್ಕೂ ಯಾರಾದರೂ ಬೇಕಲ್ಲ ಎಂದರು.

ಆ ಚಿತ್ರ ಮೊನ್ನೆ ಅರಸೀಕೆರೆಗೆ ಬಂತು. ನಾನೊಬ್ಬನೇ ಹೋಗಿ ನೋಡಿದೆ. ಮರುದಿನ ಮತ್ತೊಮ್ಮೆ ನೋಡಿದೆ. ಭಾನುವಾರ ಶೆಡ್ಡಿಗೆ ಹೋದಾಗ ಅತ್ತೆ ಕೂರುತ್ತಿದ್ದ ಜಾಗದಲ್ಲಿ ಯಾರೂ ಕೂತಿರಲಿಲ್ಲ. ನಾನೂ ಅಲ್ಲಿ ಕೂರಲಿಲ್ಲ, ಪಕ್ಕದಲ್ಲಿ ನಿಂತೆ. ಹೆಂಗಸರು ಕೆಲಸ ನಿಲ್ಲಿಸದೆ ನನ್ನ ಕಡೆ ನೋಡುತ್ತಿದ್ದರು. ಹೇಗಿತ್ತು ಎಂದು ಹಗರೆ ಅಜ್ಜಿ ಕೇಳಿದರು. ಸಾಧಾರಣವಾಗಿತ್ತು ಎಂದೆ.

“ನಿಮ್ಮತ್ತೆ ಆಗಿದ್ರೆ ಸಾಧಾರಣ ಅನ್ನಕ್ಕೂ ಒಂದು ಮಧ್ಯಾಹ್ನ ತಗೊಳ್ಳೋಳು ಕಣ್ಲಾ” ಎಂದು ಅಜ್ಜಿ ನಕ್ಕರು. ಉಳಿದವರೂ ನಕ್ಕರು. ಆಮೇಲೆ ಅಜ್ಜಿ ಪಕ್ಕದ ಗೋಣಿಚೀಲ ಸರಿಮಾಡಿ, ಅದರ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದರು.

ಕೂತೆ. ಮೊದಲಿಂದ ಹೇಳಿದೆ.