ಕವಲಿಗೆ ಅಡ್ಡ ಹಾಕಿದ ಸೊಪ್ಪು

ದೆವ್ವ, ಭೂತ, ಗಾಳಿ ಸೋಕುವುದು ಇವನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದೆ. ಹೊಸನಗರದಲ್ಲಿ ಶುರುವಾದ ಕೆಲಸ ಸಾಗರದಲ್ಲಿ ಮುಗಿಯಿತು. ಕೊನೆಯ ಕೋಣೆಯಲ್ಲಿ ಯಾರೋ ನರಳುತ್ತಾರೆ, ಖಾಲಿ ಮಂಚ ಕಿರುಗುಟ್ಟುತ್ತದೆ ಎಂದು ಹೊಸ ಹುಡುಗಿಯರು ಹೆದರಿದಾಗಲೆಲ್ಲ ನಾನೇ ಟಾರ್ಚ್ ಹಿಡಿದು ಹೋಗಿ ಇಲಿಯನ್ನೋ ಸಡಿಲವಾದ ಕಿಟಕಿಯನ್ನೋ ತೋರಿಸಿ ಬರುತ್ತಿದ್ದೆ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತರೆ ನನ್ನನ್ನು ಬಲ್ಲವರು ನಗುತ್ತಾರೆ. ನಗಲಿ. ಆದದ್ದನ್ನು ಆದ ಹಾಗೆ ಹೇಳಿಬಿಡುತ್ತೇನೆ. ಇಂಥ ಸಂಗತಿಗಳು ಅಮಾವಾಸ್ಯೆಯ ರಾತ್ರಿಯೇ ನಡೆಯಬೇಕು ಅನ್ನುವುದು ರೂಢಿ. ನನಗೆ ಆದದ್ದು ಬೆಳಗಿನ ಒಳ್ಳೆಯ ಬಿಸಿಲಿನಲ್ಲಿ.

ನಿವೃತ್ತಿಯಾದ ಮೇಲೆ ನಮ್ಮ ಬೀದಿಯ ಹೆಂಗಸರನ್ನು ಸೇರಿಸಿಕೊಂಡು ಭಾನುವಾರದ ನಡಿಗೆ ಶುರುಮಾಡಿದೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಮಂಡಿನೋವು, ಮತ್ತೊಬ್ಬರಿಗೆ ಮನೆಯಿಂದ ಹೊರಗೆ ಬರಲು ಒಂದು ನೆಪ ಬೇಕು. ಮೊದಮೊದಲು ಇಕ್ಕೇರಿಯವರೆಗೆ ಹೋಗಿ ದೇವಸ್ಥಾನದ ಕಟ್ಟೆಯ ಮೇಲೆ ಕೂತು ವಾಪಸು ಬರುತ್ತಿದ್ದೆವು. ಆಮೇಲೆ ಸುತ್ತಲಿನ ಗುಡ್ಡ, ಕಾಡುದಾರಿ, ಕೆರೆ ಏರಿ ಎಲ್ಲ ಆಯಿತು. ಬೆಟ್ಟ ಹತ್ತುವ ಶೂರರ ಗುಂಪಲ್ಲ ನಮ್ಮದು. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಸೊಸೆ ಅತ್ತೆಯರ ಸುದ್ದಿ ಹೇಳಿಕೊಂಡು, ಎರಡು ತಾಸು ನಡೆಯುವವರು. ಆದರೂ ನಮ್ಮಲ್ಲಿ ಒಬ್ಬರೂ ಬಿದ್ದಿಲ್ಲ, ಒಬ್ಬರೂ ದಾರಿ ತಪ್ಪಿಲ್ಲ ಎಂದು ನಾನು ಸಿಕ್ಕಸಿಕ್ಕವರ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗಲೂ ಕೊಚ್ಚಿಕೊಳ್ಳುತ್ತೇನೆ, ಸುಳ್ಳೇಕೆ ಹೇಳಲಿ.

ಈ ಜಂಬಕ್ಕೆ ಆಧಾರ ನನ್ನ ಅಪ್ಪ ಕಲಿಸಿದ ಒಂದು ಕ್ರಮ. ಅಪ್ಪ ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಕಾಲದಲ್ಲಿ ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋಗುತ್ತಿದ್ದವರು. ಕಾಡಿನಲ್ಲಿ ದಾರಿ ಕವಲೊಡೆದ ಕಡೆ, ಮುಂದೆ ಹೋದವರು ಹಸಿ ಟೊಂಗೆಯೊಂದನ್ನು ಮುರಿದು ಹೋಗಬಾರದ ದಾರಿಗೆ ಅಡ್ಡ ಹಾಕಬೇಕು. ಹಿಂದೆ ಬರುವವರು ಸೊಪ್ಪು ಬಿದ್ದ ದಾರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಮೊಬೈಲಿಗೆ ನೆಟ್‌ವರ್ಕ್ ಸಿಗದ ನಮ್ಮ ಕಾಡುಗಳಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ನಮ್ಮ ನಡಿಗೆಯಲ್ಲೂ ಇದನ್ನೇ ತಂದೆ. ಯಾವಾಗಲೂ ಸಾಲಿನ ಕೊನೆಯಲ್ಲಿ ನಾನು. ಮುಂದೆ ಹೋಗಿ ಸೊಪ್ಪು ಹಾಕುವ ಕೆಲಸ ಒಂದೊಂದು ವಾರ ಒಬ್ಬೊಬ್ಬರ ಪಾಲಿಗೆ.

ನಾಲ್ಕು ವರ್ಷದ ಹಿಂದಿನ ಆ ಭಾನುವಾರ ಮೊದಲ ಸಲ ಮುಂದಾಳಾಗಿದ್ದವಳು ಲಲಿತ. ಅರಳಸುರಳಿ ಕಡೆಯ ಹುಡುಗಿ, ಸಾಗರಕ್ಕೆ ಮದುವೆಯಾಗಿ ಬಂದವಳು. ನಲವತ್ತು ದಾಟಿದ್ದರೂ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಚುರುಕಾದವಳು. ಹೊನ್ನೆಮರಡು ಕಡೆ ಹಿನ್ನೀರಿನ ದಂಡೆಯಲ್ಲಿ ಮಂಜಪ್ಪ ಎಂಬವರ ಮನೆ ಇದೆ. ರಸ್ತೆಯಲ್ಲಿ ವ್ಯಾನ್ ಬಿಟ್ಟು ಕಾಡಿನೊಳಗೆ ನಡೆದು ಅವರ ಮನೆ ತಲುಪುವುದು, ಅಲ್ಲಿ ಅವಲಕ್ಕಿ ತಿಂದು ಚಹಾ ಕುಡಿಯುವುದು ಎಂದು ನಿಶ್ಚಯವಾಗಿತ್ತು. ಹಿಂದಿನ ವಾರ ಲಲಿತ ಒಬ್ಬಳೇ ಹೋಗಿ ಮಂಜಪ್ಪನವರ ಜೊತೆ ದಾರಿ ನೋಡಿ ಬಂದಿದ್ದಳು. ನಾನು ನೋಡಿರಲಿಲ್ಲ.

ಆ ದಿನ ನಮ್ಮ ಜೊತೆ ಮೊದಲ ಸಲ ನನ್ನ ನಾದಿನಿ ಗೌರಿ ಬಂದಿದ್ದಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇರುವವಳು. ಅದಕ್ಕೆ ಒಂದೂವರೆ ವರ್ಷದ ಹಿಂದೆ ಅವಳಿಗೆ ಎಡಗಡೆ ಲಕ್ವ ಹೊಡೆದಿತ್ತು. ಕೈ ಬಹುಮಟ್ಟಿಗೆ ಸರಿಹೋಯಿತು, ಕಾಲು ಎಳೆಯುತ್ತಿತ್ತು. ಹಿತ್ತಲಿನಲ್ಲಿ ನಡೆಯುತ್ತಿದ್ದಳೇ ಹೊರತು ಗೇಟು ದಾಟುತ್ತಿರಲಿಲ್ಲ. ಮದುವೆ ಮುಂಜಿಗಂತೂ ಇಲ್ಲವೇ ಇಲ್ಲ. ಯಾರಾದರೂ ಮನೆಗೆ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಒಂದು ಕಾಲದಲ್ಲಿ ನಟ್ಟಿ ಗದ್ದೆಯಲ್ಲಿ ಅವಳ ಸಮಕ್ಕೆ ಸಸಿ ನೆಡುವವರಿರಲಿಲ್ಲ. ಅಂಥವಳು ಹಾಗೆ ಬಾಗಿಲ ಹಿಂದೆ ನಿಲ್ಲುವುದನ್ನು ನೋಡಿ ನನಗೆ ಸಹಿಸಲಾಗುತ್ತಿರಲಿಲ್ಲ. ಆರು ತಿಂಗಳು ಬೆನ್ನು ಬಿದ್ದು ಒಪ್ಪಿಸಿದೆ. ನಮ್ಮ ಯಜಮಾನರಿಗೆ ಇದು ಸುತರಾಂ ಹಿಡಿಸಲಿಲ್ಲ.

“ನೀನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಾಡಲ್ಲಿ ಅವ್ಳು ಬಿದ್ರೆ ಹೊತ್ಕೊಂಡು ಬರೋರು ಯಾರು?” ಎಂದರು. ತಂಗಿಗೆ ಏನಾದರೂ ಆದರೆ ಭಾನುವಾರದ ತಿರುಗಾಟ ಅಲ್ಲಿಗೇ ನಿಂತಿತು ಎಂದೂ ಹೇಳಿದರು. ನಾನು ಒಪ್ಪಿಕೊಂಡೇ ಹೊರಟೆ. ಅವರ ಮಾತಿಗಿಂತ ನನಗೆ ಹೆದರಿಕೆ ಇದ್ದದ್ದು ಬೇರೆಯದಕ್ಕೆ. ಗೌರಿ ಒಮ್ಮೆ ಅರ್ಧದಲ್ಲಿ ಕುಸಿದು ಕೂತರೆ ಇನ್ನು ಜನ್ಮದಲ್ಲಿ ಗೇಟು ದಾಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮಳೆ ನಿಂತು ನೆಲ ಗಟ್ಟಿಯಾಗಿತ್ತು. ಕಾಲು ಗಂಟೆಯೊಳಗೆ ಮುಂದಿನ ಒಂಬತ್ತು ಜನ ಕಣ್ಣಿಗೆ ಮರೆಯಾದರು. ನಾವಿಬ್ಬರು ಆಮೆ ನಡಿಗೆಯಲ್ಲಿ ಹಿಂದೆ ಉಳಿದೆವು. ಅದು ಮೊದಲೇ ಮಾತಾಡಿಕೊಂಡಿದ್ದೇ. ಗೌರಿಯ ಕೈಯಲ್ಲಿ ಕೋಲು, ಪಕ್ಕದಲ್ಲಿ ನಾನು. ಮೊದಲ ಕವಲು ಬಂತು. ಎಡಗಡೆಯ ದಾರಿ ಗುಡ್ಡ ಹತ್ತುತ್ತಿತ್ತು. ಅದರ ಮೇಲೆ ಮತ್ತಿಯ ಟೊಂಗೆ ಬಿದ್ದಿತ್ತು. ಸದ್ಯ, ಏರಿಲ್ಲ ಎಂದುಕೊಂಡು ನಾವು ಬಲಗಡೆಯ ಸಮತಟ್ಟು ದಾರಿ ಹಿಡಿದೆವು.

ಆ ದಾರಿ ಹಳೆಯದು. ನಡುವೆ ಹುಲ್ಲು ಬೆಳೆದಿದ್ದರೂ ಅಗಲವಾಗಿತ್ತು, ಒಂದೇ ಒಂದು ಏರಿರಲಿಲ್ಲ. ದನಗಳು ತುಳಿದ ಜಾಡುಗಳು ಅಲ್ಲಲ್ಲಿ ಒಡೆದುಕೊಂಡಿದ್ದವು. ಎರಡನೆಯ ಕವಲಿನಲ್ಲಿ ಬಲಕ್ಕೆ ಸೊಪ್ಪು, ನಾವು ಎಡಕ್ಕೆ ಹೋದೆವು. ಮೂರನೆಯದರಲ್ಲಿ ಎಡಕ್ಕೆ ಸೊಪ್ಪು, ನಾವು ಬಲಕ್ಕೆ. ಎರಡೂ ಕಡೆ ಬಿದ್ದಿದ್ದು ಹೆಬ್ಬಲಸಿನ, ಅಂದರೆ ಕಾಡುಹಲಸಿನ, ಟೊಂಗೆ. ಲಲಿತ ಎಷ್ಟು ಅಚ್ಚುಕಟ್ಟು, ಹಿಂದಿನವರಿಗೆ ಚೆನ್ನಾಗಿ ಕಾಣಲೆಂದು ದೊಡ್ಡ ಎಲೆಯದನ್ನೇ ಹಾಕಿದ್ದಾಳೆ ಎಂದು ನನಗೆ ಹೆಮ್ಮೆಯಾಯಿತು. ಎಷ್ಟೆಂದರೂ ನಾನು ತಯಾರು ಮಾಡಿದವಳು. ಒಂದೆರಡು ಸಲ ಕೂ ಹಾಕಿದೆ. ಉತ್ತರ ಬರಲಿಲ್ಲ. ಮುಂದೆ ಹೋಗಿಬಿಟ್ಟಿದ್ದಾರೆ ಎಂದುಕೊಂಡೆ.

ನಾಲ್ಕನೆಯ ಕವಲಿನ ಹತ್ತಿರ ಗೌರಿ ಒಂದು ಕಲ್ಲಿನ ಮೇಲೆ ಕೂತಳು. ಮುಖ ಕೆಂಪಾಗಿತ್ತು. ನಾಡಿ ಹಿಡಿದು ನೋಡಿದೆ, ಸರಿಯಾಗಿಯೇ ಇತ್ತು. ಅಲ್ಲಿಯೂ ಅಡ್ಡ ಬಿದ್ದಿದ್ದ ಹೆಬ್ಬಲಸಿನ ಟೊಂಗೆಯನ್ನು ಎತ್ತಿಕೊಂಡು ಅವಳಿಗೆ ಗಾಳಿ ಬೀಸಿದೆ. ಮುರಿದ ತುದಿಯಿಂದ ಹಾಲು ಇನ್ನೂ ಜಿನುಗುತ್ತಿತ್ತು, ನನ್ನ ಬೆರಳಿಗೆ ಅಂಟಿತು. ಅರೆ, ಅವರು ಇಲ್ಲಿ ದಾಟಿ ಅರ್ಧ ಗಂಟೆಯ ಮೇಲಾಗಿರಬೇಕು, ಇದು ಈಗ ಮುರಿದ ಹಾಗಿದೆಯಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಗೌರಿ ಕೋಲೂರಿ ಎದ್ದು ನಿಂತಳು. ನಾನು ಟೊಂಗೆಯನ್ನು ಇದ್ದ ಜಾಗದಲ್ಲೇ ಇಟ್ಟು ಹೊರಟೆ.

ಸ್ವಲ್ಪ ಹೊತ್ತಿಗೆ ನೀರು ಕಂಡಿತು. ಮಂಜಪ್ಪನವರ ಮನೆಯ ಅಂಗಳದಲ್ಲಿ ಒಂಬತ್ತು ಜನರೂ ನಮಗೆ ಬೆನ್ನು ಹಾಕಿ, ಗುಡ್ಡದ ದಾರಿಯನ್ನೇ ನೋಡುತ್ತ ನಿಂತಿದ್ದರು. ಲಲಿತ ಹುಡುಕಿಕೊಂಡು ಬರಲು ಶೂ ಕಟ್ಟುತ್ತಿದ್ದಳು. ಗೌರಿ ಹಿಂದಿನಿಂದ ಹೋಗಿ, ಯಾರನ್ನು ಕಾಯ್ತಿದ್ದೀರಿ ಎಂದು ಕೇಳಿದಳು. ಅವರೆಲ್ಲ ತಿರುಗಿ ನೋಡಿದ ರೀತಿಯನ್ನು ನಾನು ಮರೆಯುವಂತಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಇವರಿಗೇ ಒಂದು ದಾರಿ ಎಂದು ನಗಾಡಿದರು. ಇಬ್ಬರು ಅವಳನ್ನು ಅಪ್ಪಿಕೊಂಡು ಅತ್ತೇಬಿಟ್ಟರು. ನನ್ನ ಕಣ್ಣಲ್ಲೂ ನೀರು ಬಂತು. ಮೂವತ್ತು ವರ್ಷದ ಸರ್ವಿಸಿನಲ್ಲಿ ಯಾವ ರೋಗಿ ಎದ್ದು ಓಡಾಡಿದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಚಹಾ ಕುಡಿಯುತ್ತ ಲಲಿತಳನ್ನು ಎಲ್ಲರೆದುರು ಹೊಗಳಿದೆ. ನಾಲ್ಕೂ ಕವಲಿಗೆ ಸೊಪ್ಪು ಹಾಕಿದ್ದಾಳೆ, ಒಂದೂ ಬಿಟ್ಟಿಲ್ಲ ಎಂದೆ. ಅವಳು ಲೋಟ ಕೆಳಗಿಟ್ಟಳು.

“ಅಕ್ಕಾ, ನಾನು ಹಾಕಿದ್ದು ಒಂದೇ ಕಡೆ. ನಾವು ಬಂದ ದಾರೀಲಿ ಇದ್ದಿದ್ದೇ ಒಂದು ಕವಲು. ಗುಡ್ಡ ಹತ್ತೋ ದಾರಿ ಮೇಲೆ ಹಾಕಿದ್ದೆ, ನಾವು ಇಲ್ಲಿ ಹೋಗಿದೀವಿ ಅಂತ ನಿಮಗೆ ಗೊತ್ತಾಗ್ಲಿ ಅಂತ.”

ಅವಳ ತವರಿನಲ್ಲಿ ಕ್ರಮ ತಿರುವುಮುರುವಂತೆ. ತಾವು ಹೋದ ದಾರಿಗೆ ಸೊಪ್ಪು ಹಾಕುತ್ತಾರಂತೆ. ನಾನು ಒಂದು ದಿನವೂ ಅದನ್ನು ಬಿಡಿಸಿ ಹೇಳಿರಲಿಲ್ಲ. ಲೋಕವೆಲ್ಲ ನನ್ನ ಅಪ್ಪನ ಹಾಗೆಯೇ ಸೊಪ್ಪು ಹಾಕುತ್ತದೆ ಎಂದುಕೊಂಡಿದ್ದೆ, ಇದನ್ನೂ ಹೇಳಿಕೊಡಬೇಕೇ ಎಂಬ ಜಂಬ. ಅಲ್ಲಿಗೆ ಮೊದಲ ಕವಲಿನ ಗೊಂದಲ ಬಗೆಹರಿಯಿತು. ಹಾಗಾದರೆ ಯಾರೂ ಹೋಗದ ದಾರಿಯಲ್ಲಿ ಇನ್ನು ಮೂರು ಕಡೆ ಸೊಪ್ಪು ಹಾಕಿದವರು ಯಾರು? ಬೆರಳಿನ ಅಂಟು ನನಗೆ ಇನ್ನೂ ತಿಳಿಯುತ್ತಿತ್ತು.

ಮಂಜಪ್ಪನವರು ಅಲ್ಲೇ ಕಂಬಕ್ಕೆ ಒರಗಿ ಎಲೆಅಡಿಕೆ ಹಾಕುತ್ತಿದ್ದರು. ಅರವತ್ತು ದಾಟಿದ, ಹೆಚ್ಚು ಮಾತಿಲ್ಲದ ಮನುಷ್ಯ.

“ಅದು ನಮ್ಮ ಹಳೇ ಊರಿನ ದಾರಿ. ಊರು ಈಗ ನೀರಡಿ ಅದೆ,” ಎಂದರು. “ಕಾಯಿಲೆಯೋರ್ನ, ಬಸುರೇರ್ನ ಕಂಬಳೀಲಿ ಹಾಕಿ ಹೊತ್ಕೊಂಡು ಆ ದಾರೀಲೇ ಓಡಾಡ್ತಿದ್ರಂತೆ, ಏರಿಲ್ಲ ಅಂತ. ಹೊರೋರು ದಾರಿ ತಪ್ಬಾರ್ದಲ್ಲ, ಅದ್ಕೆ ಮುಂದೆ ಒಬ್ಬ ಸೊಪ್ಪು ಮುರ್ದು ಅಡ್ಡ ಹಾಕ್ತಾ ಹೋಗ್ತಿದ್ನಂತೆ. ಈಗ ಅಲ್ಲಿ ಯಾರು ಹೋಗ್ತಾರೆ? ದನ ಹೋಗ್ತವೆ.”

ವಾಪಸು ಬರುವಾಗ ಮಂಜಪ್ಪನವರ ಜೀಪಿನಲ್ಲಿ ಸುತ್ತು ರಸ್ತೆಯಿಂದ ವ್ಯಾನಿನವರೆಗೆ ಬಂದೆವು. ಬೆರಳಿನ ಅಂಟು ಮನೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದ ಮೇಲೆಯೇ ಹೋಯಿತು.

ಮುಂದಿನ ಭಾನುವಾರ ಯಜಮಾನರನ್ನೂ ಲಲಿತಳನ್ನೂ ಕರೆದುಕೊಂಡು ಹೋದೆ. ಟೊಂಗೆಗಳು ಬಾಡಿ ಕಂದಾಗಿ ಅಲ್ಲೇ ಬಿದ್ದಿದ್ದವು, ಮೂರಕ್ಕೆ ಮೂರೂ. ಹಾಗಾಗಿ ನನ್ನ ಭ್ರಮೆ ಎನ್ನುವಂತಿಲ್ಲ. ದನ ಕಾಯುವವರು ಯಾರೋ ಹಾಕಿರಬೇಕು, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿದೆ ಎಂದರು ಯಜಮಾನರು. ಅಲ್ಲಿಯ ದನಗಳನ್ನು ಕಾಯುವವರಿಲ್ಲ, ತಾವೇ ಹೋಗಿ ತಾವೇ ಬರುತ್ತವೆ. ಆಮೇಲೆ ನಾವು ಮೂವರೂ ದಾರಿಯ ಎರಡೂ ಬದಿಯನ್ನು ತಲೆ ಎತ್ತಿ ನೋಡುತ್ತ ಕೊನೆಯವರೆಗೆ ನಡೆದೆವು. ಆ ದಾರಿಯುದ್ದಕ್ಕೂ ಒಂದೂ ಹೆಬ್ಬಲಸಿನ ಮರವಿಲ್ಲ. ಯಜಮಾನರು ಅಲ್ಲಿಂದ ಮುಂದೆ ಕಾಗೆಯ ಮಾತು ಎತ್ತಲಿಲ್ಲ. ಭಾನುವಾರದ ನಡಿಗೆ ನಿಲ್ಲಿಸು ಎಂದೂ ಹೇಳಲಿಲ್ಲ.

ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಯಾರಾದರೂ ಇಂಥದ್ದನ್ನು ಹೇಳಿದರೆ ಮೊದಲಿನ ಹಾಗೆ ಟಾರ್ಚ್ ಹಿಡಿದು ಎದ್ದು ಹೋಗುವುದಿಲ್ಲ, ಕೂತು ಕೇಳುತ್ತೇನೆ. ಯಾರು, ಯಾಕೆ, ನಮಗಾಗಿಯೇ ಹಾಕಿದರೋ, ನಾಲ್ಕು ವರ್ಷದಿಂದ ಕೂಡಿಸಿ ಕಳೆದು ನೋಡಿದ್ದೇನೆ. ಲೆಕ್ಕ ಹತ್ತಿಲ್ಲ.

ಗೌರಿಗೆ ಈ ಲೆಕ್ಕದ ಗೊಡವೆಯಿಲ್ಲ. ಈಗ ಪ್ರತಿ ಭಾನುವಾರ ನನಗಿಂತ ಮೊದಲು ಶೂ ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುತ್ತಾಳೆ. ಹೋದ ವಾರ ಹೊಸಬರೊಬ್ಬರಿಗೆ ನಾನು ಇದೇ ಕಥೆ ಹೇಳುತ್ತ, ಆ ಸೊಪ್ಪು ಹಾಕಿದವರು ಯಾರಿರಬಹುದು ಎಂದು ಮತ್ತೆ ಶುರುಮಾಡಿದ್ದೆ. ಪಕ್ಕದಲ್ಲಿ ನಡೆಯುತ್ತಿದ್ದ ಗೌರಿ ನಿಂತು ನನ್ನ ಮಾತಿಗೆ ಅಡ್ಡ ಬಂದಳು.

“ಯಾರಾದ್ರೂ ಹಾಕಿರ್ಲಿ ಅತ್ಗೆ. ಆ ದಾರೀಲಿ ಕಾಯಿಲೆಯೋರ್ನೆಲ್ಲ ಹೊತ್ಕೊಂಡು ಹೋಗ್ತಿದ್ರಂತೆ. ನಾನು ನಡ್ಕೊಂಡು ಹೋದೆ, ಅದನ್ನ ಹೇಳಿ.”