ಚೀಲದ ಗುರುತು ಬಿಡಿಸಿದ ಪಂಪಮ್ಮ

ಸಿಂಧನೂರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದ ಪಂಪಮ್ಮನವರನ್ನು ಹೊಗಳಲು ಕೂತರೆ ನನಗೆ ನಿಲ್ಲಿಸಲಾಗುವುದಿಲ್ಲ. ಬೆರಳ ಗೆಣ್ಣಿಗೆ ಅವರಿಂದ ಏಟು ತಿಂದವನೇ ಈ ಮಾತು ಹೇಳುತ್ತಿದ್ದೇನೆ.

೧೯೯೯ರಲ್ಲಿ ಅವರು ಕಂಪ್ಯೂಟರ್ ತಂದರು. ತುರ್ವಿಹಾಳದ ಕಡೆಯ ಒಂದು ನೀರಿನ ಸಂಘದ ಅಧ್ಯಕ್ಷರು ಹಂಪಣ್ಣ, ಎರಡನೇ ಬೆಳೆಗೆ ತೂಬಿನ ನೀರಿನ ಪಾಳಿ ಪಟ್ಟಿ ಮಾಡಿಕೊಡಿ ಎಂದರು. ಪರದೆಯ ಮೇಲೆ ಕಾಲುವೆ, ಅದರಡಿ ತೂಬು, ತೂಬಿನಡಿ ರೈತರ ಹೆಸರು, ಕೊಂಬೆ ಒಡೆದ ಮರದಂತೆ ಬಂತು. ಪ್ರತಿ ಹೆಸರಿನ ಪಕ್ಕ ಒಂದೇ ಥರದ ಹಳದಿ ಫೈಲಿನ ಚಿತ್ರ.

ಇಪ್ಪತ್ತು ವರ್ಷ ಹೆಗಲ ಮೇಲೆ ಸಲಿಕೆ ಹೊತ್ತು ಆ ತೂಬಿನ ನೀರು ಹಂಚಿದ ಜಿಲಾನಿಸಾಬರಿಗೆ ಓದಲು ಬರುತ್ತಿರಲಿಲ್ಲ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎಂದು ಊರಿಗೆಲ್ಲ ಹೇಳುವ ಹಂಪಣ್ಣನವರೇ, "ಪಾಳಿ ಹಾಳಿ ಮ್ಯಾಲೆ ಬಂತಲ್ರೀ, ಓದಾಕ ಬರೋರೇ ಬೇಕು. ಸೋಮವಾರದಿಂದ ಬ್ಯಾರೆಯವರನ್ನ ಹಾಕ್ತೀವಿ," ಎಂದರು. ತಾನು ಮಾಡಿದ ಪಟ್ಟಿ ಒಬ್ಬರ ಅನ್ನಕ್ಕೆ ಕುತ್ತಾಯಿತಲ್ಲ ಎಂದು ಪಂಪಮ್ಮನವರಿಗೆ ಊಟ ಸೇರಲಿಲ್ಲ.

ಕಂಪ್ಯೂಟರಿನ ಪುಸ್ತಕ ತಿರುವಿ ತಿರುವಿ ದಾರಿ ಕಂಡುಕೊಂಡರು. ಪಟ್ಟಿಯ ಒಂದೊಂದು ಸಾಲನ್ನು ಪರದೆಯ ಮೇಲೆ ಬಿಡಿಸುವ ಮುಂಚೆ ಕಂಪ್ಯೂಟರ್ ಕೇಳುತ್ತದಂತೆ: ನಾನು ಬಿಡಿಸಲೋ, ನೀವು ಬಿಡಿಸುತ್ತೀರೋ? ಇವರು, ನೀ ಸುಮ್ಮನಿರು, ನಾನೇ ಬಿಡಿಸ್ತೀನಿ ಎಂದರು. ರೈಸ್‌ಮಿಲ್ಲಿಗೆ ಹೋಗಿ, ಭತ್ತದ ಚೀಲ ಯಾರದೆಂದು ಓದು ಬಾರದವರಿಗೂ ತಿಳಿಯಲೆಂದು ರೈತರು ಬಣ್ಣದಲ್ಲಿ ಹಾಕಿದ್ದ ಗುರುತುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಆದಪ್ಪನ ತ್ರಿಶೂಲ, ಬಾಲಪ್ಪನ ಎರಡು ಗೆರೆ, ಹಂಪಣ್ಣನವರ ಬಿಲ್ವಪತ್ರಿ. ಹಳದಿ ಫೈಲುಗಳ ಜಾಗದಲ್ಲಿ ಅವು ಕೂತವು. ಸಾಲಿಗೊಂದು ಬೇರೆ ಚಿತ್ರ ಬಿಡಿಸಲು ಐದು ದಿನ ಹಿಡಿಯಿತು.

ಸೋಮವಾರ ಹಾಳೆಯನ್ನು ಜಿಲಾನಿಸಾಬರ ಕೈಗೇ ಕೊಟ್ಟರು. ಸಾಬರು ಬೆರಳಿಟ್ಟು, "ಆದಪ್ಪ, ಆಮ್ಯಾಲೆ ಬಾಲಪ್ಪ, ಇವ್ರು ನಮ್ಮ ಅಧ್ಯಕ್ಷರು," ಎನ್ನುತ್ತ ಹದಿನೇಳು ಹೆಸರನ್ನೂ ಪಾಳಿ ತಪ್ಪದೆ ಹೇಳಿದರು. ಕೊನೆಗೆ ಬೆರಳು ಮೇಲೆ, ತೂಬಿನ ಸಾಲಿನಲ್ಲಿ ನಿಂತಿತು. ಅಲ್ಲಿ ಒಂದು ಸಲಿಕೆ ಇತ್ತು.

"ಇದ್ಯಾರ ಗುರುತ್ರೀ ಅಕ್ಕಾರ? ಚೀಲಕ್ಕ ಸಲಿಕಿ ಯಾರೂ ಹಾಕಂಗಿಲ್ಲ."

"ನಿಮ್ದು ಕಾಕಾ."

"ನನಗ ಹೊಲಾನ ಇಲ್ಲಲ್ರೀ."

ಹಂಪಣ್ಣನವರು ಹಾಳೆ ಇಸಿದುಕೊಂಡು ನೋಡಿದರು. ತಮ್ಮ ಬಿಲ್ವಪತ್ರಿಯಿಂದ ಹೊರಟ ಗೆರೆಯೂ ಮೇಲೆ ಹೋಗಿ ಆ ಸಲಿಕೆಗೇ ಸೇರಿತ್ತು. ಹಾಳೆಯನ್ನು ಸಾಬರಿಗೇ ಮರಳಿ ಕೊಟ್ಟರು.

"ನಡಿ ಜಿಲಾನಿ, ಆದಪ್ಪನ ಪಾಳಿಗೆ ಹೊತ್ತಾತು. ನೀರು ಬಿಡು."