ಓವನ್‌ನೊಳಗಿನ ಖಡಕ್ ರೊಟ್ಟಿ

ವಿಜಯಪುರಕ್ಕೆ ಬಂದ ಮೂರನೇ ವಾರ ನಮ್ಮ ಓವನ್‌ನೊಳಗೆ ಒಂದು ಬಿಳಿ ಬಟ್ಟೆ ಹೊತ್ತಿ ಉರಿಯಿತು. ಅದರೊಳಗೆ ಬಟ್ಟೆ ಯಾಕಿತ್ತು ಎಂದು ಹೇಳಿದರೆ ಮಂಗಳೂರಿನಲ್ಲಿ ಯಾರೂ ನಂಬಲಿಕ್ಕಿಲ್ಲ.

ತಿಕೋಟಾದ ಬ್ಯಾಂಕಿಗೆ ವರ್ಗವಾಗಿ, ಎಂಟು ವರ್ಷದ ಮಗಳು ಅನಘಾಳನ್ನು ಕಟ್ಟಿಕೊಂಡು ವಿಜಯಪುರದ ಜಲನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಗಂಡನ ಕೆಲಸ ಮಂಗಳೂರಿನಲ್ಲೇ. ದಿನಾ ಬಸ್ಸಿನಲ್ಲಿ ತಿಕೋಟಾಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಜೀವ ಹೈರಾಣಾಗುತ್ತಿತ್ತು. ಅದಕ್ಕಿಂತ ದೊಡ್ಡ ಚಿಂತೆ ಮಗಳದ್ದು. ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ಹುಡುಗಿ ಶಾಲೆಯ ಡಬ್ಬಿಯನ್ನು ತುಂಬಿದ ಹಾಗೆಯೇ ವಾಪಸು ತರುತ್ತಿದ್ದಳು. "ದಸರಾ ರಜೆಯವರೆಗೆ ನೋಡುವ. ಆಗಲಿಲ್ಲ ಅಂದ್ರೆ ನಾನೇ ಬಂದು ಕರ್ಕೊಂಡು ಹೋಗ್ತೇನೆ," ಎಂದಿದ್ದರು ಗಂಡ. ಅವಳೂ ಹೋದರೆ ನಾನೊಬ್ಬಳೇ ಇಲ್ಲಿ ಎಂತ ಮಾಡುವುದು?

ಅವಳು ಇಷ್ಟಪಟ್ಟು ತಿನ್ನುತ್ತಿದ್ದದ್ದು ಗ್ರಿಲ್ ಮಾಡಿದ ಪನೀರ್ ಮಾತ್ರ. ಓವನ್‌ನ ಮೇಲಿನ ಸರಳು ಕೆಂಡದಂತೆ ಕೆಂಪಾಗಿ, ಕೆಳಗಿಟ್ಟದ್ದರ ಅಂಚು ಎರಡೇ ನಿಮಿಷಕ್ಕೆ ಕಪ್ಪಾಗುತ್ತದಲ್ಲ, ಹಾಗೆ. ಆ ಸಂಜೆ ಬಸ್ಸಿಳಿದು ಬಂದವಳು ಹೆಗಲ ಚೀಲವನ್ನೂ ಕೆಳಗಿಡದೆ ಗ್ರಿಲ್ ಹಾಕಿದೆ. ಒಳಗೆ ನೋಡಲಿಲ್ಲ. ಖಾಲಿ ಓವನ್, ನೋಡುವುದೆಂತದು?

ಖಾಲಿ ಇರಲಿಲ್ಲ. ಕೆಳಗಿನ ಮನೆಯಲ್ಲಿರುವ ನಮ್ಮ ಒಡತಿ ಶಾಂತಕ್ಕ ಮಧ್ಯಾಹ್ನ ತಮ್ಮ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದು, ಬಬಲೇಶ್ವರದ ತವರಿನಿಂದ ಬಂದ ಖಡಕ್ ರೊಟ್ಟಿಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅದರೊಳಗೆ ಇಟ್ಟು ಹೋಗಿದ್ದರು. ಖಡಕ್ ರೊಟ್ಟಿ ಎಂದರೆ ಹಪ್ಪಳದಂತೆ ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿ. ವಾರಗಟ್ಟಲೆ ಕೆಡುವುದಿಲ್ಲ. ನಮ್ಮೂರಲ್ಲಿ ಬಿಸ್ಕತ್ತಿನ ಪೊಟ್ಟಣ ಒಡೆದಿಟ್ಟರೆ ಸಂಜೆಯೊಳಗೆ ಮೆತ್ತಗೆ. ಇಲ್ಲಿ ರೊಟ್ಟಿಗೆ ಬೇಕಾದದ್ದು ಇಲಿ, ಇರುವೆ ಹೋಗದ ಒಂದು ಕಪಾಟು ಅಷ್ಟೇ.

ಹೊಗೆ ಕಂಡ ಶಾಂತಕ್ಕ ಕೊಡದ ತುಂಬ ನೀರು ಹೊತ್ತುಕೊಂಡೇ ಓಡಿ ಬಂದರು. "ಬಾಗಲಾ ತಗಿಯವ್ವಾ, ನೀರ ಹಾಕ್ತೇನಿ!"

"ಬೇಡ ಶಾಂತಕ್ಕ, ಕರೆಂಟು! ಬಾಗಿಲು ತೆಗೆದ್ರೆ ಒಳಗೆ ಗಾಳಿ ಹೋಗಿ ಉರಿ ಇನ್ನೂ ಜೋರಾಗ್ತದೆ!"

ಗೋಡೆಯ ಸ್ವಿಚ್ಚು ಆರಿಸಿದೆ, ಮಗಳನ್ನು ಹೊರಗೆ ಕಳಿಸಿದೆ. ಇಬ್ಬರೂ ದೂರದಲ್ಲಿ ನಿಂತು ಗಾಜಿನಾಚೆಯ ಉರಿ ನೋಡಿದೆವು. ಗಾಳಿಯಿಲ್ಲದೆ ಅದು ತಾನಾಗಿ ಆರಿತು. ಪೂರ್ತಿ ತಣ್ಣಗಾಗುವವರೆಗೆ ಬಾಗಿಲು ಮುಟ್ಟಲಿಲ್ಲ.

"ಕಪಾಟ ಅಂತ ತಿಳ್ಕೊಂಡಿದ್ನೆವ್ವಾ," ಎಂದರು ಶಾಂತಕ್ಕ, ಕೊಡ ಇಳಿಸದೆ. "ಹುಡಿಗಿ ಏನೂ ತಿನ್ನಂಗಿಲ್ಲ ಅಂದಿದ್ದಿ ಅಲ್ಲಾ, ಅದಕ್ಕ ತಂದಿಟ್ಟಿದ್ದೆ." ಬೈಯಬೇಕೆಂದಿದ್ದವಳು ಒದ್ದೆ ಬಟ್ಟೆ ತಂದೆ. ಇಬ್ಬರೂ ಕೂತು ಮಸಿ ಒರೆಸಿದೆವು.

ಅಲ್ಲಿಂದ ಮುಂದೆ ಒಳಗೆ ಇಣುಕಿ ನೋಡದೆ ಸ್ವಿಚ್ಚು ಮುಟ್ಟಿಲ್ಲ. ಗ್ರಿಲ್ ಹಾಕಿದರೆ ಅದರ ಮುಂದಿನಿಂದ ಕದಲುವುದಿಲ್ಲ, ಫೋನ್ ಬಂದರೂ ಸರಿ.

ಶ್ರಾವಣದ ಜಡಿಮಳೆಗೆ ಈ ಊರಿನ ರೊಟ್ಟಿಯೂ ಮೆತ್ತಗಾಯಿತು. ಶಾಂತಕ್ಕ ಬುಟ್ಟಿ ಹಿಡಿದು ಮೆಟ್ಟಿಲ ಮೇಲೆ ನಿಂತರು. "ನಿನ್ನ ಕಪಾಟಿನ್ಯಾಗ ಇವನ್ನ ಒಂಚೂರು ಗರಿ ಮಾಡ್ತಿ ಏನು?" ಈ ಸಲ ಬಟ್ಟೆಯಿಲ್ಲ, ಗ್ರಿಲ್ ಇಲ್ಲ. ನೂರು ಡಿಗ್ರಿಗೆ ಇಟ್ಟು, ಜಾಲರಿಯ ಮೇಲೆ ಒಂದೊಂದನ್ನೇ ಹರವಿದೆ. ಸಣ್ಣ ಶಾಖಕ್ಕೆ ಗಡಿಬಿಡಿ ಇಲ್ಲ, ಆದರೆ ಕಾವಲು ಬೇಕು. ಅನಘಾ ಸ್ಟೂಲು ಎಳೆದು ದೂರ ಕೂತಳು. ಹತ್ತು ನಿಮಿಷಕ್ಕೆ ನಾನು ದಪ್ಪ ಕೈಗವಸು ಹಾಕಿ ತೆಗೆದೆ. ಅವಳು ಒಂದನ್ನು ಮುರಿದು ಮೊಸರು, ಶೇಂಗಾ ಹಿಂಡಿಯ ಜೊತೆ ತಿಂದಳು. ಶೇಂಗಾ ಹಿಂಡಿ ಎಂದರೆ ಕಡಲೆಕಾಯಿಯ ಚಟ್ನಿಪುಡಿ. ಆಮೇಲೆ ಶಾಂತಕ್ಕನ ಕಡೆ ಕೈ ಚಾಚಿದಳು. "ಆಯಿ, ಇನ್ನೊಂದ್ ಕೊಡ್ರಿ." ಆಯಿ ಎಂದರೆ ಇಲ್ಲಿ ಅಜ್ಜಿ. ನನಗೆ ಅಳುವೇ ಬಂತು.

ದಸರಾಕ್ಕೆ ಗಂಡ ಖಾಲಿ ಸೂಟ್‌ಕೇಸ್ ಹಿಡಿದು ಬಂದರು. "ನಾ ಬರಂಗಿಲ್ಲ ಪಪ್ಪಾ," ಎಂದಳು ಅನಘಾ. "ಆಯಿ ಜೋಡಿ ಬಬಲೇಶ್ವರಕ್ಕ ಹೊಂಟೇನಿ." ಅವರು ನಕ್ಕುಬಿಟ್ಟರು. ನಾನೂ ನಕ್ಕೆ. ಆದರೆ ನಿಜ ಹೇಳುತ್ತೇನೆ, ನನಗೆ ನಿರಾಸೆಯೂ ಆಯಿತು. ಅವಳು ಹೋದರೆ ಅದೇ ನೆಪದಲ್ಲಿ ವರ್ಗ ಕೇಳಿ ಊರಿಗೆ ಮರಳಬಹುದೆಂದು ಒಳಗೊಳಗೇ ಆಸೆಪಟ್ಟವಳು ನಾನು.

ಗಂಡನನ್ನು ಬಸ್ಸಿಗೆ ಹತ್ತಿಸುವಾಗ ನಾನೂ ಹತ್ತಿಬಿಡಲಾ ಅನಿಸಿತು. ಮಗಳು ಕೈ ಹಿಡಿದು ಎಳೆದಳು. "ಅಮ್ಮಾ, ಮನಿಗೆ ಹೋಗೂಣು." ಯಾವ ಮನೆಗೆ ಎಂದು ಕೇಳಬೇಕೆನಿಸಿತು. ಆಟೋದವನಿಗೆ ಜಲನಗರ ಎಂದೆ.